ಯಾವ ದೇವರದ್ದೂ ಅಲ್ಲದ ಬುಧವಾರ

ಬುಧವಾರ ಬೆಳಗ್ಗೆ ಇಕ್ರಾಳಿಗೆ ತಿಂಡಿ ಸೇರಲಿಲ್ಲ. ಅಮ್ಮ ಶಂಶುನ್ನೀಸಾ ತಟ್ಟೆಗೆ ಹಾಕಿದ ಪರೋಟದಲ್ಲಿ ಅರ್ಧ ತಿಂದು ಅರ್ಧವನ್ನು ಮುಚ್ಚಿಟ್ಟಳು. ಸಂಜೆ ನಾಲ್ಕು ಗಂಟೆಗೆ ಪಾಲಿಕೆಯ ಅಧಿಕಾರಿ ಹಂಸ ಮೇಡಂ ಲಾಯದ ಬೀದಿಗೆ ಬರುವವರಿದ್ದರು. ಬೀದಿಯ ಹಳೆಯ ಬಾಲವಾಡಿ ಮಕ್ಕಳು ಓದುವ ಕೋಣೆಯಾಗಿ ಉಳಿಯುತ್ತದೋ, ಗೋಡೆ ಕೆಡವಿಸಿಕೊಂಡು ಸ್ಕೂಟರ್ ನಿಲ್ಲಿಸುವ ಜಾಗವಾಗುತ್ತದೋ ಎನ್ನುವುದು ಇವತ್ತೇ ಇತ್ಯರ್ಥವಾಗಬೇಕಿತ್ತು.

ಶಿವಾಜಿನಗರ ಮುಗಿಯಿತು, ಹಲಸೂರು ಇನ್ನೂ ಶುರುವಾಗಲಿಲ್ಲ ಎನ್ನುವ ಕಡೆ ಈ ಲಾಯದ ಬೀದಿ ಇದೆ. ಹಿಂದೆ ಇಲ್ಲಿ ದಂಡಿನ ಕುದುರೆಗಳನ್ನು ಕಟ್ಟುತ್ತಿದ್ದರಂತೆ. ಈಗ ಮನುಷ್ಯರಿದ್ದಾರೆ. ಆಗ ಒಂದು ಕುದುರೆಗೆ ಕೊಡುತ್ತಿದ್ದಷ್ಟು ಜಾಗ ಈಗ ಒಂದು ಸಂಸಾರಕ್ಕೆ ಸಿಕ್ಕುವುದಿಲ್ಲ. ಒಂದೇ ಕೋಣೆಯಲ್ಲಿ ಅಡುಗೆ, ಅಲ್ಲೇ ಟಿವಿ, ಅಲ್ಲೇ ಅಜ್ಜಿಯ ಕೆಮ್ಮು. ಅಲ್ಲೇ ಕೂತು ಓದಿ ಪಾಸಾಗಬೇಕೆಂದರೆ ಆ ಮಕ್ಕಳಿಗೆ ಕಿವಿಯೇ ಇರಬಾರದು.

ಮುಚ್ಚಿ ಎಷ್ಟೋ ವರ್ಷವಾಗಿದ್ದ ಬಾಲವಾಡಿಯ ಬಾಗಿಲು ತೆಗೆಸಿದವರು ಮೂವರು. ಒಬ್ಬಳು ಇಕ್ರಾ, ಬಿ.ಕಾಂ. ಕೊನೆಯ ವರ್ಷ. ಇನ್ನೊಬ್ಬಳು ಅವಳ ಜತೆಗೇ ಓದುವ ಸುಕನ್ಯ. ಅವರ ಮನೆಯಲ್ಲಿ ತಮಿಳು. ತಾಯಿ ಸೆಲ್ವಿ ಇಂದಿರಾನಗರದಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಮೂರನೆಯವನು ಪ್ರಭುಲಿಂಗ, ಗರುಡಾಚಾರ್‌ಪಾಳ್ಯದ ಒಂದು ಕಚೇರಿಯಲ್ಲಿ ಕೆಲಸ. ಅವನ ತಂದೆ ಶರಣಪ್ಪ ಬಾಗಲಕೋಟೆ ಕಡೆಯಿಂದ ಬಂದು ದಂಡು ರೈಲು ನಿಲ್ದಾಣದಲ್ಲಿ ನೌಕರಿ ಮಾಡಿ ತೀರಿಕೊಂಡವರು. ಮನೆಯಲ್ಲಿ ಈಗ ತಾಯಿ ಪಾರ್ವತೆವ್ವ, ಮಗ ಇಬ್ಬರೇ. ಮೂವರೂ ಸೇರಿ ಹೆಗ್ಗಣ ಓಡಿಸಿ, ಸುಣ್ಣ ಬಳಿದು, ಬಲ್ಬು ಹಾಕಿಸಿ, ಸಂಜೆ ನಾಲ್ಕರಿಂದ ಮಕ್ಕಳು ಬಂದು ಓದುವ ಹಾಗೆ ಮಾಡಿದ್ದರು.

ಒಳ್ಳೆಯ ಕೆಲಸ ಮಾಡಿದರೆ ಬೀದಿ ಸುಮ್ಮನಿರುತ್ತದೆಯೇ? ಇಲ್ಲಿ ಮದರಸಾ ಮಾಡುತ್ತಾರೆ ಎಂದು ಒಂದು ಕಡೆ ಗುಸುಗುಸು. ಮಾರಿಯಮ್ಮನ ಫೋಟೋ ತಂದಿಡುತ್ತಾರೆ ಎಂದು ಇನ್ನೊಂದು ಕಡೆ. ಮೂವರೂ ಬಹಳ ಹುಷಾರಾಗಿದ್ದರು. ಗೋಡೆಗೆ ಯಾವ ದೇವರ ಚಿತ್ರವನ್ನೂ ಹಾಕಲಿಲ್ಲ. ಗಡಿಯಾರ ಒಂದನ್ನೇ ಹಾಕಿದರು. ಇಕ್ರಾ ಅದನ್ನು ದೊಮ್ಮಲೂರಿನಲ್ಲಿ ನಡೆದ ಯುವನಾಯಕರ ಶಿಬಿರದಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಅವಳ ಕಿವಿಯಲ್ಲಿ ಸ್ವಲ್ಪ ಹೆಚ್ಚು ದಿನವೇ ಉಳಿದಿತ್ತು ಎನ್ನಬೇಕು.

ಅಷ್ಟರಲ್ಲಿ ಪಾರ್ಕಿಂಗ್ ಬೇಕೆನ್ನುವವರು ಪಾಲಿಕೆಗೆ ಅರ್ಜಿ ಕೊಟ್ಟರು. ಹಿಟ್ಟಿನ ಗಿರಣಿಯ ಅಂಬಣ್ಣ ಅವರ ಮುಂದಾಳು. ಗಿರಣಿಗೆ ಬರುವವರು ಗಾಡಿ ನಿಲ್ಲಿಸಲು ಜಾಗವಿಲ್ಲದೆ ಬೈದುಕೊಂಡು ಹೋಗುತ್ತಾರೆ ಎನ್ನುವುದು ಅವರ ಕಷ್ಟ, ಅದೇನೂ ಸುಳ್ಳಲ್ಲ. ಇಕ್ರಾ, ಸುಕನ್ಯ ಕಚೇರಿಗೆ ಓಡಿದರು. ಹಂಸ ಮೇಡಂ ಇಬ್ಬರ ಮಾತನ್ನೂ ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

"ಚೆನ್ನಾಗಿ ಮಾತಾಡ್ತೀರಮ್ಮ. ಆದ್ರೆ ನಿಮ್ ಮಾತಿನ ಮೇಲೆ ನಾನು ಬರೆಯೋಕಾಗಲ್ಲ. ಯಾವ ದಿನ ಬರ್ಲಿ, ನೀವೇ ಹೇಳಿ. ಬೀದಿ ಹೆಂಗಸರು ಬಂದು, ನಮ್ ಮಕ್ಳಿಗೆ ಈ ರೂಮ್ ಬೇಕು ಅಂತ ನನ್ನೆದುರಿಗೆ ಹೇಳ್ಲಿ. ಯಾರೂ ಬರ್ಲಿಲ್ಲ ಅಂದ್ರೆ ಜನಕ್ಕೆ ಬೇಕಿಲ್ಲ ಅಂತ ಬರೆದುಬಿಡ್ತೀನಿ. ಇನ್ನೊಂದ್ಸಲ ಬರೋಕೆ ನಂಗೆ ಪುರುಸೊತ್ತಿಲ್ಲ."

ದಿನ ಗೊತ್ತುಮಾಡುವುದಕ್ಕೆ ಮೂವರೂ ಮನೆಮನೆಗೆ ಹೋದರು. ನಿಮಗೆ ಯಾವ ದಿನ ಪೂಜೆ, ಯಾವ ದಿನ ನಮಾಜು, ಯಾವ ದಿನ ಹರಕೆ? ಶುಕ್ರವಾರ ಜುಮ್ಮಾ, ಅದೂ ಅಲ್ಲದೆ ಅಮ್ಮನವರ ವಾರ. ಮಂಗಳವಾರ ಸಂಜೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ. ಗುರುವಾರ ಅರ್ಧ ಬೀದಿ ದರ್ಗಾಕ್ಕೆ, ಇನ್ನರ್ಧ ವಿವೇಕನಗರದ ಬಾಲಯೇಸುವಿಗೆ. ಶನಿವಾರ ಆಂಜನೇಯ, ಭಾನುವಾರ ಚರ್ಚು, ಸೋಮವಾರ ಪಾರ್ವತೆವ್ವನ ಉಪವಾಸ ಮತ್ತು ಸೋಮೇಶ್ವರನ ಗುಡಿ. ಬುಧವಾರಕ್ಕೆ ಮಾತ್ರ ಯಾವ ದೇವರೂ ತಕರಾರು ಮಾಡಲಿಲ್ಲ. ಮೀಟಿಂಗು ಬುಧವಾರ ನಾಲ್ಕು ಗಂಟೆಗೆ ಎಂದಷ್ಟೇ ಹೆಂಗಸರಿಗೆಲ್ಲ ಹೇಳಿದಾಗ ಒಬ್ಬೊಬ್ಬರೂ ಒಂದು ಕ್ಷಣ ಮುಖ ನೋಡಿ, "ಆಯ್ತಮ್ಮ" ಎಂದಿದ್ದರು. ಬೇಡ ಎಂದವರು ಒಬ್ಬರೂ ಇಲ್ಲ.

ಈಗ ಹೊರಡುವ ಮುಂಚೆ ಇಕ್ರಾ ತಂಗಿ ರುಕ್ಸಾರಳನ್ನು ಹಿಡಿದುಕೊಂಡಳು. ರುಕ್ಸಾರ್ ಎರಡನೇ ಪಿ.ಯು.ಸಿ. ಮನೆಯಲ್ಲಿ ಅವರ ಮಾತು ದಖನಿಯಲ್ಲಿ. ನಾವು ಕನ್ನಡದಲ್ಲಿ ಕೇಳೋಣ.

"ಇವತ್ತಾದ್ರೂ ಬಾರೇ. ವಾರದಲ್ಲಿ ಐದು ದಿನ ಬರ್ತೀಯ, ಎರಡು ದಿನ ಚಕ್ಕರ್ ಹೊಡೀತೀಯ. ನನ್ನ ತಂಗೀನೇ ಬರಲ್ಲ ಅಂದ್ರೆ ಊರೋರಿಗೆ ನಾನೇನು ಹೇಳ್ಲಿ?"

ರುಕ್ಸಾರ್ ಅಕ್ಕನ ಮುಖವನ್ನು ಸುಮ್ಮನೆ ನೋಡಿದಳು. "ಇವತ್ತು ಬರ್ಬೇಕಾ ಆಪಾ?"

"ಮತ್ತೆ! ಇವತ್ತಲ್ದೆ ಇನ್ಯಾವತ್ತು?"

"ನೋಡ್ತೀನಿ," ಎಂದು ರುಕ್ಸಾರ್ ಕಾಲೇಜಿನ ಚೀಲ ಏರಿಸಿಕೊಂಡು ಹೋದಳು. ಈ ಹುಡುಗಿಗೆ ಓದಿನ ಮೇಲೆ ಆಸೆಯೇ ಇಲ್ಲ ಎಂದು ಇಕ್ರಾಳಿಗೆ ಸಿಟ್ಟು ಬಂತು.

ಮೂರೂವರೆಗೆ ಬಾಲವಾಡಿಯಲ್ಲಿ ಕುರ್ಚಿಗಳು ಸಾಲಾಗಿ ಕೂತವು. ಶಾಮಿಯಾನದವರಿಂದ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಅರ್ಧ ದಿನ ರಜೆ ಹಾಕಿ ಬಂದಿದ್ದ ಪ್ರಭುಲಿಂಗ ಅವುಗಳನ್ನು ಒರೆಸುತ್ತಿದ್ದ. ಸುಕನ್ಯ ಫ್ಲಾಸ್ಕಿನಲ್ಲಿ ಟೀ ತಂದಿಟ್ಟಿದ್ದಳು. ಇಕ್ರಾ ಮೂಲೆಯಲ್ಲಿ ನಿಂತು ತನ್ನ ಭಾಷಣವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು.

"ಟೆನ್ಷನ್ ತಗೋಬೇಡ ಮಗಾ," ಎಂದ ಪ್ರಭುಲಿಂಗ. "ಕುರ್ಚಿ ಸಾಲ್ದೆ ಹೋದ್ರೆ ಅಂತ ನಂಗೆ ಭಯ. ನೀನು ನೋಡಿದ್ರೆ..."

ಅವನ ಭಯ ಎಂಥ ಪುಣ್ಯದ ಭಯವಾಗಿತ್ತು ಎಂದು ಸ್ವಲ್ಪ ಹೊತ್ತಿಗೇ ತಿಳಿಯಿತು. ನಾಲ್ಕಕ್ಕೆ ಸರಿಯಾಗಿ ಹಂಸ ಮೇಡಂ ಜೀಪಿನಿಂದ ಇಳಿದರು. ಅವರ ಹಿಂದೆಯೇ ಅಂಬಣ್ಣ ಮತ್ತು ಅವರ ಕಡೆಯ ನಾಲ್ಕೈದು ಗಂಡಸರು ಬಂದು ಮುಂದಿನ ಸಾಲಿನಲ್ಲಿ ಕೂತರು. ಅಷ್ಟೇ. ಹಿಂದಿನ ಕುರ್ಚಿಗಳು ಖಾಲಿ. ಒಂದು ಸೀರೆ ಇಲ್ಲ, ಒಂದು ಬುರ್ಖಾ ಇಲ್ಲ, ಮಕ್ಕಳಾದರೂ ಬಂದಿದ್ದಾರೆಯೇ ಎಂದರೆ ಬಂದಿದ್ದವರು ಹುಡುಗರು ಮಾತ್ರ.

ಮೇಡಂ ಟೀ ಕುಡಿದರು. ಗಡಿಯಾರ ನೋಡಿದರು. ಇಕ್ರಾ ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು. ಬಾಲವಾಡಿ ಇರುವುದು ದೊಡ್ಡ ರಸ್ತೆಯ ಬದಿಗೆ. ಅಲ್ಲಿ ಬಸ್ಸು, ಆಟೋ ಸದ್ದು ಬಿಟ್ಟರೆ ಬೀದಿಯ ಒಳಗಿನದೇನೂ ಕೇಳುವುದಿಲ್ಲ. ಸುಕನ್ಯ ಅಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಪ್ರಭುಲಿಂಗನ ತಾಯಿಯೂ ಎತ್ತಲಿಲ್ಲ. ಇಕ್ರಾ ಲೆಕ್ಕ ಹಾಕತೊಡಗಿದಳು. ಒಂದು ಮನೆ ಬರಲಿಲ್ಲ ಎಂದರೆ ಏನೋ ಕೆಲಸ ಎನ್ನಬಹುದು. ಎಲ್ಲ ಮನೆಯೂ ಬರಲಿಲ್ಲ ಎಂದರೆ ಯಾರೋ ಬರಬೇಡಿ ಎಂದಿದ್ದಾರೆ. ಮತ್ತೆ ಯಾವುದೋ ಗಾಳಿಸುದ್ದಿ ಹಬ್ಬಿರಬೇಕು. ಮತ್ತೆ ಆ ಮದರಸಾ, ಮತ್ತೆ ಆ ಮಾರಿಯಮ್ಮ. ಒಂದೊಂದು ಮನೆಯ ಹೊಸ್ತಿಲಲ್ಲಿ ಕೂತು, ಅವರು ಕೊಟ್ಟ ನೀರು ಕುಡಿದು, ಅವರ ಅಜ್ಜಿಯರ ಮಂಡಿನೋವು ಕೇಳಿ ಕಟ್ಟಿದ ನಂಬಿಕೆ ಇಷ್ಟೇನಾ ಎಂದು ಅವಳಿಗೆ ಅಳು ಬಂದಂತಾಯಿತು.

"ಎಲ್ಲಮ್ಮ ನಿಮ್ ಜನ?" ಎಂದರು ಹಂಸ ಮೇಡಂ. ಗದರಿಸಿ ಅಲ್ಲ, ಮೆತ್ತಗೇ ಕೇಳಿದರು. ಅದೇ ಇಕ್ರಾಳಿಗೆ ತಡೆಯದಾಯಿತು. ಅವಳು ತಿರುಗಿ ಅಂಬಣ್ಣನ ಎದುರು ನಿಂತಳು.

"ಅಂಕಲ್, ಮನೆಮನೆಗೆ ಹೋಗಿ ಏನು ಹೇಳಿದೀರ? ಮೇಡಂ ಎದುರಿಗೇ ಹೇಳ್ಬಿಡಿ. ನೀವು ತಡೀದೆ ಇಡೀ ಬೀದಿ ಹೆಂಗಸರು ಹೀಗೆ ಬರ್ದೆ ಇರೋಕೆ ಸಾಧ್ಯಾನೇ ಇಲ್ಲ."

ಅಂಬಣ್ಣ ಮೊದಲು ಬೆಪ್ಪಾದರು, ಆಮೇಲೆ ಕೆಂಪಾದರು.

"ಏನಮ್ಮಾ ಇದು! ನಿಮ್ಮಪ್ಪ ಅಕ್ತರ್ ನನ್ ಜತೆ ಗೋಲಿ ಆಡ್ದೋನು. ನಿನ್ನ ಎತ್ತಿ ಆಡಿಸಿದೀನಿ ನಾನು. ನಾನ್ಯಾಕಮ್ಮ ತಡೀಲಿ? ಇವತ್ತು ಬುಧವಾರ ಅಲ್ವಾ? ನೀರು ಬಿಟ್ಟಿದಾರೆ. ಹೆಂಗಸರು ಎಲ್ಲಿಂದ ಬರ್ತಾರೆ?"

ಇಕ್ರಾಳ ಮುಖದ ಕಳೆ ಇಳಿದುಹೋಯಿತು.

ಲಾಯದ ಬೀದಿಗೆ ಕಾವೇರಿ ನೀರು ಬರುವುದು ವಾರಕ್ಕೆ ಎರಡು ಸಲ, ಬುಧವಾರ ಮತ್ತು ಭಾನುವಾರ, ಸಂಜೆ ನಾಲ್ಕರಿಂದ ಒಂದು ಗಂಟೆ ಹೊತ್ತು, ಹೆಚ್ಚೆಂದರೆ ಒಂದೂವರೆ. ಮನೆಗಳಿಗೆ ಪೈಪು ಇದೆ, ಅದರಲ್ಲಿ ಗಾಳಿ ಬರುತ್ತದೆ. ನೀರು ಸಿಗುವುದು ಬೀದಿಯ ಆ ತುದಿಯ ನಾಲ್ಕು ನಲ್ಲಿಗಳಲ್ಲಿ ಮಾತ್ರ. ಇದನ್ನು ಇಕ್ರಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಸೊಂಟಕ್ಕೆ ಕೊಡ ಹತ್ತಿದ ದಿನದಿಂದ ಅವಳೇ ನೀರು ಹಿಡಿದವಳು. ಕಾಲೇಜು, ಸಭೆ, ಶಿಬಿರ ಎಂದು ಅವಳು ಓಡಾಡಲು ಶುರುಮಾಡಿದ ಮೇಲೆ ಅಮ್ಮನ ಮಂಡಿ ಕೈಕೊಟ್ಟಿತ್ತು, ಕೊಡ ರುಕ್ಸಾರಳ ಸೊಂಟಕ್ಕೆ ಹೋಗಿತ್ತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೆ ಆಗಿಹೋಗಿತ್ತು. ಸುಕನ್ಯಳ ಮನೆಗೆ ಅವಳ ತಾಯಿ ಹಿಡಿಯುತ್ತಿದ್ದಳು, ಪ್ರಭುಲಿಂಗನ ಮನೆಗೆ ಅವನ ತಾಯಿ. ಮೂವರು ನಾಯಕರೂ ಮನೆಗೆ ಬಂದು ತುಂಬಿದ ಡ್ರಮ್ಮಿನಿಂದ ಚೊಂಬು ಅದ್ದಿಕೊಂಡು ಕುಡಿಯುವವರು. ಎಲ್ಲ ದೇವರನ್ನೂ ಕೇಳಿಕೊಂಡು ಬಂದವರು ನಲ್ಲಿಯನ್ನು ಕೇಳಿರಲಿಲ್ಲ.

"ಮೇಡಂ, ಒಂದೇ ನಿಮಿಷ," ಎಂದಳು ಇಕ್ರಾ. ಅಂಬಣ್ಣನ ಕಡೆ ತಿರುಗಿದಳು. "ಅಂಕಲ್, ತಪ್ಪಾಯ್ತು."

"ನನಗೆ ಕೆ.ಆರ್. ಪುರದಲ್ಲಿ ಇನ್ನೊಂದು ಸಭೆ ಇದೆಯಮ್ಮ. ಆ ಟ್ರಾಫಿಕ್ಕು ಗೊತ್ತಲ್ಲ. ಅರ್ಧ ಗಂಟೆ ಕೂತಿರ್ತೀನಿ, ಅಷ್ಟೇ."

ಸುಕನ್ಯಳನ್ನು ಮೇಡಂ ಹತ್ತಿರ ಬಿಟ್ಟು ಇಕ್ರಾ ಓಡಿದಳು. ಪ್ರಭುಲಿಂಗ ಹಿಂದೆ. ಬೀದಿ ಅರ್ಧ ದಾಟುವಷ್ಟರಲ್ಲೇ ಗಲಾಟೆ ಕೇಳಿಸಿತು. ತಮಿಳು, ದಖನಿ, ಕನ್ನಡ ಎಲ್ಲ ಒಂದೇ ಸ್ವರದಲ್ಲಿ. ನಾಲ್ಕು ನಲ್ಲಿಗೂ ಉದ್ದಕ್ಕೆ ಕೊಡಗಳ ಸಾಲು, ಹಸಿರು, ನೀಲಿ, ಕಿತ್ತಳೆ. ಇಡೀ ಬೀದಿಯ ಹೆಂಗಸರು ಅಲ್ಲಿದ್ದರು. ಓದುವ ಕೋಣೆಯಲ್ಲಿ ಬುಧವಾರ, ಭಾನುವಾರ ಕಾಣದ ಹುಡುಗಿಯರೆಲ್ಲರೂ ಅಲ್ಲಿದ್ದರು. ಎರಡನೇ ನಲ್ಲಿಯ ಹತ್ತಿರ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು, ಎರಡು ಕೈಯಲ್ಲೂ ಕೊಡ ಹಿಡಿದುಕೊಂಡು ರುಕ್ಸಾರ್ ನಿಂತಿದ್ದಳು. ಅವಳ ಕಾಲೇಜಿನ ಚೀಲ ಕಲ್ಲಿನ ಮೇಲಿತ್ತು. ಬಸ್ಸಿಳಿದು ನೇರ ಇಲ್ಲಿಗೇ ಬಂದಿದ್ದಳು.

"ಅಕ್ಕಾ, ಮೇಡಂ ಬಂದಿದಾರೆ! ಎಲ್ರೂ ಬನ್ನಿ!"

ಸೆಲ್ವಿ ಹಣೆಯ ಬೆವರು ಒರೆಸಿಕೊಂಡು ಆಶ್ಚರ್ಯದಿಂದ ನೋಡಿದಳು. "ನಾವಾ? ಗಂಡಸರಿಗೆ ಅಲ್ವಾ ಮೀಟಿಂಗು?"

"ಯಾರು ಹೇಳಿದ್ದು ಗಂಡಸರಿಗೆ ಅಂತ?"

"ಯಾರೂ ಹೇಳಿಲ್ಲಮ್ಮ. ನೀನು ನೀರಿನ ದಿವಸ, ನೀರಿನ ಟೈಮಿಗೇ ಇಟ್ಟಿದೀಯ. ಅಂದ್ಮೇಲೆ ಹೆಂಗಸರು ಬೇಡ ಅಂತ ತಾನೇ? ನಾವೂ ಹಾಗೇ ಅಂದ್ಕೊಂಡ್ವಿ."

ಸುತ್ತ ಇದ್ದವರು ತಲೆಯಾಡಿಸಿದರು. ಯಾರ ಮುಖದಲ್ಲೂ ಕೋಪವಿರಲಿಲ್ಲ. ಹೀಗಾಗುವುದು ಅವರಿಗೆ ಹೊಸದಾಗಿರಲಿಲ್ಲ, ಅಷ್ಟೇ. ಇಕ್ರಾಳಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಬೀದಿಯಲ್ಲಿ ಯಾರನ್ನೂ ಹೊರಗಿಡಬಾರದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು ಅರ್ಧ ಬೀದಿಯನ್ನು ಬಾಗಿಲಾಚೆ ನಿಲ್ಲಿಸಿದ್ದಳು. ಅವಳು ತಂಗಿಯ ಕಡೆ ತಿರುಗಿದಳು.

"ನೀನಾದ್ರೂ ಹೇಳ್ಬಾರ್ದಿತ್ತಾ ರುಕ್ಸಾರ್?"

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಆಪಾ," ಎಂದಳು ರುಕ್ಸಾರ್. ಅವಳ ಕಣ್ಣು ನಲ್ಲಿಯ ಮೇಲಿತ್ತು. "ನಂಗೆ ಗೊತ್ತಿರೋದೆಲ್ಲ ನಿಂಗೂ ಗೊತ್ತಿರತ್ತೆ ಅಂತ."

ಅಳುತ್ತಾ ನಿಲ್ಲುವುದಕ್ಕೆ ಹೊತ್ತಿರಲಿಲ್ಲ. ಮೇಡಂ ಕೊಟ್ಟ ಅರ್ಧ ಗಂಟೆಯಲ್ಲಿ ಎಷ್ಟು ಹೋಯಿತೋ. ಇಕ್ರಾ ಕುರ್ತಾದ ತೋಳು ಮೇಲೇರಿಸಿದಳು.

"ಕೊಡ ಇಲ್ಲೇ ಬಿಡಿ. ನಾನು, ಪ್ರಭು ಎಲ್ರದ್ದೂ ತುಂಬಿಸ್ತೀವಿ. ಹುಡುಗ್ರನ್ನೂ ಕರೀತೀವಿ. ಒಂದು ಕೊಡಾನೂ ಖಾಲಿ ಇರಲ್ಲ. ನೀವು ಹೋಗಿ ಮೇಡಂ ಹತ್ರ ಮಾತಾಡಿ."

ಯಾರೂ ಅಲುಗಾಡಲಿಲ್ಲ. ಗಲಾಟೆ ಮಾತ್ರ ಒಮ್ಮೆಲೇ ನಿಂತಿತು.

ಈ ನಲ್ಲಿಯಲ್ಲಿ ಒಂದು ರೂಢಿಯಿದೆ. ಕೊಡ ಇಟ್ಟರೆ ಸರದಿ ಹಿಡಿದಂತೆ, ಸರಿ. ಆದರೆ ಒಂದು ಮನೆಯ ಕೊಡವನ್ನು ಇನ್ನೊಂದು ಮನೆಯವರು ಮುಟ್ಟುವುದಿಲ್ಲ. ಮುಂದಕ್ಕೆ ಸರಿಸಬೇಕಾದರೂ ಕೊಡದವರನ್ನು ಕರೆದೇ ಸರಿಸಬೇಕು. ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಾರ್ವತೆವ್ವ ಮಡಿ ಎನ್ನುತ್ತಾಳೆ. ಶಂಶುನ್ನೀಸಾ ಪಾಕ್ ಎನ್ನುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಮಾತು. ಸೆಲ್ವಿ ಏನೂ ಹೇಳುವುದಿಲ್ಲ. ಯಾಕೆಂದರೆ ಆ ರೂಢಿ ಮುಖ್ಯವಾಗಿ ಯಾರ ಕೊಡಕ್ಕಾಗಿ ಹುಟ್ಟಿತು ಎಂದು ಅವಳಿಗೆ ಗೊತ್ತು. ಜಗಳವಿಲ್ಲದೆ ಎಲ್ಲರೂ ಅಕ್ಕ ತಂಗಿ ಎಂದು ಕರೆದುಕೊಂಡು ಬದುಕಿರುವ ಬೀದಿ ಇದು. ಕೊಡ ಮಾತ್ರ ಬೇರೆ ಬೇರೆ.

ಇಕ್ರಾಳಿಗೆ ಅದು ತಾನು ಆಡಿದ ಮೇಲೆ ಹೊಳೆಯಿತು. ಒತ್ತಾಯ ಮಾಡಿದರೆ ಇವತ್ತಿನ ಸಭೆಯಷ್ಟೇ ಅಲ್ಲ, ನಾಳೆಯ ನೆಂಟಸ್ತಿಕೆಯೂ ಕೆಡುತ್ತದೆ. ಸುಮ್ಮನಿದ್ದರೆ ಕೋಣೆ ಹೋಗುತ್ತದೆ.

ಸೆಲ್ವಿಯೇ ಮೊದಲು ಬಾಯಿಬಿಟ್ಟಳು. ನಗುತ್ತಲೇ ಹೇಳಿದಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಎಲ್ರದ್ದೂ ತುಂಬಿಸ್ತೀರಾ? ನನ್ ಕೊಡ ಯಾರು ಮುಟ್ತೀರಪ್ಪ?"

ಪ್ರಭುಲಿಂಗ ಒಂದು ಸಲ ತನ್ನ ತಾಯಿಯ ಕಡೆ ನೋಡಿದ. ಪಾರ್ವತೆವ್ವ ಮೂರನೇ ನಲ್ಲಿಯ ಹತ್ತಿರ, ಬೂದಿ ಹಚ್ಚಿ ತಿಕ್ಕಿದ ಹಿತ್ತಾಳೆ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಅದು ಪೂಜೆಯ ನೀರಿನ ಕೊಡ. ಅದನ್ನು ಮಗನಿಗೂ ಸ್ನಾನ ಮಾಡದೆ ಮುಟ್ಟಗೊಡುತ್ತಿರಲಿಲ್ಲ. ಪ್ರಭುಲಿಂಗ ಬಗ್ಗಿ, ಸೆಲ್ವಿಯ ನೀಲಿ ಕೊಡವನ್ನು ಎತ್ತಿ ನಲ್ಲಿಯ ಕೆಳಗಿಟ್ಟ.

"ನಾನು ಅಕ್ಕ," ಎಂದ.

ನೀರು ಕೊಡದ ತಳಕ್ಕೆ ಬಿದ್ದು ಸದ್ದು ಮಾಡಿತು. ಎಲ್ಲರ ಕಣ್ಣೂ ಪಾರ್ವತೆವ್ವನ ಮೇಲೆ. ಬೀದಿಯಲ್ಲಿ ಹಿರಿಯಳು, ಬಾಯಿ ಜೋರು, ಆದರೆ ಹೆರಿಗೆಯಿಂದ ಹೆಣದವರೆಗೆ ಎಲ್ಲ ಮನೆಗೂ ಮೊದಲು ಹೋಗಿ ನಿಲ್ಲುವವಳು. ಅವಳು ಮಗನನ್ನು ಬಹಳ ಹೊತ್ತು ದಿಟ್ಟಿಸಿದಳು. ಈಗ ಮುದುಕಿ ಒಂದು ಮಾತು ಅಂದರೆ ಮುಗಿಯಿತು, ಆ ಮಾತು ಬೀದಿಯಲ್ಲಿ ಹತ್ತು ವರ್ಷ ಉಳಿಯುತ್ತದೆ.

"ಕೊಡ ಅಡ್ಡ ಹಿಡಿಬ್ಯಾಡೋ, ಚೆಲ್ಲತೈತಿ," ಎಂದಳು ಪಾರ್ವತೆವ್ವ. ಆಮೇಲೆ ತನ್ನ ಎರಡು ಪ್ಲಾಸ್ಟಿಕ್ ಕೊಡಗಳನ್ನು ಕಾಲಿನಿಂದ ಇಕ್ರಾಳ ಕಡೆ ಸರಿಸಿದಳು. "ಇವೆರಡು ನೀ ತುಂಬವಾ. ಇದು ಮಾತ್ರ ನನ್ ಕೂಡ ಬರ್ತೈತಿ. ಇದರ ಮಾತು ನೀ ತಗೀಬ್ಯಾಡ, ನಾನೂ ತಗಿಯೂದಿಲ್ಲ."

ಖಾಲಿ ಹಿತ್ತಾಳೆ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಅವಳು ಬಾಲವಾಡಿಯ ಕಡೆ ನಡೆದುಬಿಟ್ಟಳು. "ಬರ್ರೆವಾ, ಆ ಬಾಯಾರು ಎದ್ದು ಹೋದಾರು!" ಎಂದು ಹಿಂದೆ ನೋಡದೆಯೇ ಕೂಗಿದಳು. ಅವಳು ಹೊರಟ ಮೇಲೆ ಉಳಿದವರಿಗೆ ನಿಲ್ಲಲು ನೆಪವಿರಲಿಲ್ಲ. ಸೆಲ್ವಿ ಹೋದಳು. ಅಂಬಣ್ಣನ ಹೆಂಡತಿ ಹೋದಳು. ಬುರ್ಖಾದವರು, ನೈಟಿಯ ಮೇಲೆ ಟವೆಲ್ ಹೊದ್ದವರು, ಒಬ್ಬರ ಹಿಂದೊಬ್ಬರು ಹೋದರು. ರುಕ್ಸಾರ್ ಮಾತ್ರ ಕೊಡ ಬಿಡದೆ ನಿಂತಿದ್ದಳು.

"ನೀನೂ ಹೋಗು," ಎಂದಳು ಇಕ್ರಾ.

"ನಾನೇನು ಹೇಳ್ಲಿ? ಮಾತಾಡೋಳು ನೀನು. ನೀನು ಹೋಗಾಪಾ, ನಾನು ಹಿಡೀತೀನಿ."

ಇಕ್ರಾಳಿಗೆ ಆ ಕ್ಷಣ ಹೋಗಬೇಕು ಎಂದು ಎಷ್ಟು ಆಸೆಯಾಯಿತು ಎಂದರೆ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಿಟ್ಟಿತು. ವಾರದಿಂದ ತಿದ್ದಿ ತೀಡಿದ ಭಾಷಣ. ತಾನಿಲ್ಲದೆ ಇವರು ಅಲ್ಲಿ ಏನು ಮಾತಾಡಿಯಾರು? ಯಾರೋ ನೀರಿನ ದೂರು ಹೇಳಲು ಶುರುಮಾಡಿದರೆ? ಹಳೇ ಜಗಳ ಎತ್ತಿದರೆ? ಅವಳು ತಂಗಿಯ ಕೈಯನ್ನು ನೋಡಿದಳು. ಹಗ್ಗ ಕಟ್ಟಿದ ಕೊಡದ ಕುತ್ತಿಗೆ ಹಿಡಿದು ಹಿಡಿದು ಬೆರಳ ಬುಡ ಗಟ್ಟಿಯಾಗಿತ್ತು. ಒಂದು ಕಾಲಕ್ಕೆ ಇಕ್ರಾಳ ಬೆರಳೂ ಹಾಗೇ ಇದ್ದವು. ಈಗ ಮೆತ್ತಗಾಗಿದ್ದವು.

ಅವಳು ಎರಡೂ ಕೊಡಗಳನ್ನು ರುಕ್ಸಾರಳ ಕೈಯಿಂದ ಬಿಡಿಸಿಕೊಂಡಳು. "ಓಡು. ನಿನಗೆ ಏನು ಅನ್ಸತ್ತೋ ಅದನ್ನೇ ಹೇಳು."

ಆಮೇಲಿನ ಹೊತ್ತು ಹೇಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಒಂದು ಕೊಡ ಎಳೆದರೆ ಇನ್ನೊಂದು, ಅದು ತುಂಬುವುದರೊಳಗೆ ಪಕ್ಕದ ನಲ್ಲಿಯದು ಉಕ್ಕಿ ಹರಿಯುತ್ತಿತ್ತು. ಪ್ರಭುಲಿಂಗನ ಕಚೇರಿಯ ಪ್ಯಾಂಟು ಮಂಡಿಯವರೆಗೆ ನೆನೆಯಿತು. ಓದುವ ಕೋಣೆಯಿಂದ ಕರೆಸಿದ ಹುಡುಗರು ತುಂಬಿದ ಕೊಡಗಳನ್ನು ಹೊತ್ತು ಮನೆಮನೆಗೆ ಓಡಿದರು. ಯಾವ ಕೊಡ ಯಾರ ಮನೆಯದು ಎಂದು ಒಬ್ಬನಿಗೂ ಗೊತ್ತಿರಲಿಲ್ಲ. ಅಂಬಣ್ಣ ಕೂಡ ಅವರ ಹಿಂದೆಯೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲಮ್ಮ, ನಮ್ಮೋಳ ಕೊಡ ಯಾವ್ದು ಇದರಲ್ಲಿ?"

"ನಿಮಗೇ ಗೊತ್ತಿಲ್ವಾ ಅಂಕಲ್?"

"ನಾನ್ಯಾವತ್ತು ಬಂದಿದೀನಿ ಇಲ್ಲಿಗೆ," ಎಂದರು ಅಂಬಣ್ಣ. ಅವರಿಗೇ ನಾಚಿಕೆಯಾದಂತಾಯಿತು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಪಂಚೆ ಎತ್ತಿ ಕಟ್ಟಿ, ಕೈಗೆ ಸಿಕ್ಕ ಹಸಿರು ಕೊಡವೊಂದನ್ನು ನಲ್ಲಿಗೆ ಹಿಡಿದರು. ಅದು ಯಾರದ್ದೋ ದೇವರಿಗೇ ಗೊತ್ತು.

ಇಕ್ರಾಳ ಕೈ ನಲ್ಲಿಯಲ್ಲಿತ್ತು, ಜೀವವೆಲ್ಲ ಬೀದಿಯ ಆ ತುದಿಯಲ್ಲಿತ್ತು. ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ. ಒಮ್ಮೆ ಜೋರಾಗಿ ಕೂಗಾಡಿದ ಹಾಗೆ ಕೇಳಿಸಿತು. ಜಗಳವೋ ನಗುವೋ ತಿಳಿಯಲಿಲ್ಲ. ಜೀಪು ಸ್ಟಾರ್ಟ್ ಆದ ಹಾಗೆ ಅನಿಸಿತು, ಅದು ಆಟೋ. ಸುಕನ್ಯಳಿಗೆ ಫೋನು ಮಾಡೋಣವೆಂದರೆ ಒದ್ದೆ ಕೈಗೆ ಫೋನಿನ ಗಾಜು ಓಗೊಡಲಿಲ್ಲ. ಇಷ್ಟು ದಿನ ಯಾವ ಸಭೆಯಲ್ಲೂ ಅವಳು ಹೊರಗೆ ನಿಂತವಳಲ್ಲ. 'ಒಳಗೆ ಏನು ನಡೆಯುತ್ತಿದೆಯೋ' ಎಂದು ಹೊರಗೆ ನಿಂತು ಕಾಯುವ ಸಂಕಟ ಇಷ್ಟಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ನೀರಿನ ಜೋರು ಕಡಿಮೆಯಾಗತೊಡಗಿದಾಗ ಹೆಂಗಸರು ತಿರುಗಿ ಬಂದರು. ಬರುತ್ತಲೇ ಕೊಡ ಹುಡುಕುವ ಗದ್ದಲ. ಇದು ನಂದಲ್ಲ, ಅದು ನಂದು, ಅಯ್ಯೋ ನನ್ನ ಕೊಡ ಅವರ ಮನೆಗೆ ಹೋಗಿದೆಯಂತೆ. ಒಂದಿಬ್ಬರು ಮುಖ ಸಿಂಡರಿಸಿದರು, ಒಬ್ಬಳು ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ಹಿಡಿಯಲು ಹೋದಳು. ಒಂದೇ ದಿನದಲ್ಲಿ ಎಲ್ಲ ಸರಿಹೋಗಲಿ ಎಂದರೆ ಯಾವ ಬೀದಿಯಲ್ಲೂ ಆಗುವುದಿಲ್ಲ. ಪಾರ್ವತೆವ್ವ ಬಂದವಳೇ ಮೂರನೇ ನಲ್ಲಿಗೆ ತನ್ನ ಹಿತ್ತಾಳೆ ಕೊಡ ತಾನೇ ಒಡ್ಡಿದಳು. ನೀರು ದಾರದಷ್ಟೇ ಬರುತ್ತಿತ್ತು. ಕಾಲು ಕೊಡವೂ ತುಂಬುವ ಮುಂಚೆ ನಿಂತುಹೋಯಿತು. ಅವಳು ಗೊಣಗಲಿಲ್ಲ. ಭಾನುವಾರದವರೆಗೆ ಪೂಜೆಗೆ ಇಷ್ಟರಲ್ಲೇ ಆಗಬೇಕು ಎಂಬಂತೆ ಕೊಡವನ್ನೊಮ್ಮೆ ಅಲ್ಲಾಡಿಸಿ ನೋಡಿ ಮನೆಗೆ ಹೋದಳು.

ಕೊನೆಗೆ ರುಕ್ಸಾರ್ ಬಂದಳು. ಇಕ್ರಾ ಅವಳ ತೋಳು ಹಿಡಿದುಕೊಂಡಳು.

"ಏನಾಯ್ತು? ಬೇಗ ಹೇಳು. ಏನಂದ್ರು?"

"ಸದ್ಯಕ್ಕೆ ಪಾರ್ಕಿಂಗ್ ಬೇಡ ಅಂತ ಬರೀತಾರಂತೆ." ರುಕ್ಸಾರಳ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. "ಆದ್ರೆ ಆಪಾ, ನಾನೊಂದು ಸುಳ್ಳು ಹೇಳ್ಬಿಟ್ಟೆ."

"ಏನು?"

"ಮೇಡಂ ಹುಡುಗೀರ್ನೆಲ್ಲ ನಿಲ್ಸಿ ಕೇಳಿದ್ರು, ನೀವು ಈ ರೂಮಿಗೆ ಬರ್ತೀರಾ ಅಂತ. ಎಲ್ರೂ ಸುಮ್ಮನೆ ನಿಂತಿದ್ರು. ನಂಗೆ ನಿನ್ ಮುಖ ನೆನಪಾಯ್ತು. ದಿನಾ ಬರ್ತೀವಿ ಅಂದ್ಬಿಟ್ಟೆ. ಒಂದು ದಿನಾನೂ ತಪ್ಸಲ್ಲ ಅಂದೆ. ನಾನು ಅಂದ್ಮೇಲೆ ಉಳಿದೋರೂ ಹೌದು ಹೌದು ಅಂದ್ರು."

ಇಕ್ರಾ ತಂಗಿಯ ತೋಳು ಬಿಟ್ಟಳು. ಬೆಳಗ್ಗೆ ಇದೇ ಹುಡುಗಿಗೆ ಚಕ್ಕರ್ ಹೊಡೆಯುತ್ತೀಯ ಎಂದು ಬೈದಿದ್ದಳು.

"ಅದಕ್ಕೆ ಮೇಡಂ ಏನಂದ್ರು?"

"ಹಾಗಾದ್ರೆ ಒಳ್ಳೇದಾಯ್ತು ಅಂದ್ರು. ಹಲಸೂರಲ್ಲಿ ಅವರ ನೆಂಟರ ಮನೆಗೆ ಬರೋದಿದೆಯಂತೆ, ಹಾಗೇ ಇಲ್ಲಿಗೂ ಬಂದು ನೋಡ್ತಾರಂತೆ. ಹುಡುಗೀರು ಕೂತು ಓದ್ತಾ ಇದ್ರೆ ಆ ಪಾರ್ಕಿಂಗ್ ಅರ್ಜಿ ಮುಚ್ಚಿಹಾಕ್ತಾರಂತೆ. ಇಲ್ಲಾಂದ್ರೆ ಇಲ್ಲ."

"ಯಾವತ್ತು ಬರ್ತಾರೆ?"

ರುಕ್ಸಾರ್ ಅಕ್ಕನನ್ನು ನೋಡಿದಳು.

"ಭಾನುವಾರ ಸಂಜೆ ಆಪಾ. ನಾಲ್ಕು ಗಂಟೆಗೆ. ನೀರು ಯಾರು ಹಿಡೀತಾರೆ?"

ಇಕ್ರಾ ತಂಗಿಯ ಕಾಲೇಜಿನ ಚೀಲವನ್ನು ಕಲ್ಲಿನ ಮೇಲಿಂದ ತೆಗೆದು ಅವಳ ಹೆಗಲಿಗೆ ಹಾಕಿದಳು. ಆಮೇಲೆ ಬಗ್ಗಿ, ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅಭ್ಯಾಸ ತಪ್ಪಿದ ಸೊಂಟ ಚಳಕ್ಕೆಂದಿತು. ಅರ್ಧ ಚೊಂಬಿನಷ್ಟು ನೀರು ತುಳುಕಿ ಅವಳ ಕುರ್ತಾ ನೆನೆಯಿತು.

"ನಾನು," ಎಂದಳು.